ಸರಪಳಿ ಹುಳುಗಳ ಸಹವಾಸ

ಸಾವು ದಿನವೂ ಬಂದುಹೋಗುವ ಜಾಗದಲ್ಲಿ ನಗಬಾರದೆಂದು ಎಷ್ಟು ಗಂಭೀರವಾಗಿ ಕೂತರೂ ಯಾರಾದರೊಬ್ಬರು ನಗಿಸಿಯೇ ಬಿಡುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಮಾತು. ಪುಣೆಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಾನು ಡಾಕ್ಟರಾಗಿದ್ದೆ. ರೋಗಿಗಳ ಗಂಟಲಲ್ಲಿ, ಕೀವಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ, ಸರಪಳಿಯಂತೆ ಸಾಲುಗಟ್ಟುವ ಹುಳು ಇದೆಯೇ ಎಂದು ನೋಡುವುದು ನನ್ನ ಕೆಲಸ.

ಮೂರು ಜಾತಿ

ನಮ್ಮವ್ವ ಧಾರವಾಡದವಳು. ಪುಣೆಯ ಸದಾಶಿವ ಪೇಠೆಯ ನಮ್ಮ ಮನೆಯಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತ, "ಆ ಹುಳದಾಗ ಕೆಟ್ಟದ್ಯಾವ್ದಂತ ಹೆಂಗ ಗುರ್ತ ಹಿಡೀತಿ?" ಎಂದಳು.

"ಕುರಿ ರಕ್ತ ಬೆರೆಸಿದ ತಟ್ಟ್ಯಾಗ ಬೆಳಸ್ತೀವಿ. ಸುತ್ತಲಿನ ರಕ್ತ ಪೂರಾ ಕರಗಿಸಿದ್ರ ಅದು ಘಾತಕ. ರಕ್ತ ಹಸಿರು ಮಾಡೋದು ಬಾಯಾಗ ಸುಮ್ಮನಿರ್ತದ, ಸಂದು ಸಿಕ್ಕಾಗ ಹೃದಯಕ್ಕ ಹೋಗಿ ಕೂತು ಜೀವಾ ತಿಂತದ. ಮೂರನೇದು ರಕ್ತಕ್ಕ ಏನೂ ಮಾಡಂಗಿಲ್ಲ, ಸುಮ್ನ ಕೂತಿರ್ತದ."

ಅವ್ವ ರೊಟ್ಟಿ ತಿರುವಿ ಹಾಕಿದಳು. "ಮೊದಲ್ನೇದು ನಮ್ಮತ್ತಿ. ಎರಡನೇದು ನಿಮ್ಮ ಸೋದರತ್ತಿ. ಮೂರನೇದು ನಿಮ್ಮಪ್ಪ."

ಬಾಯಿಗೆ ಬಟ್ಟೆ

ಒಂದು ಮಳೆಗಾಲ ಹೆರಿಗೆ ವಾರ್ಡಿನಲ್ಲಿ ಒಬ್ಬರ ಹಿಂದೊಬ್ಬರು ಇಬ್ಬರು ಬಾಣಂತಿಯರು ಜ್ವರದಿಂದ ಸತ್ತರು. ಹಿರಿಯ ಡಾಕ್ಟರು ದಾದಿಯರನ್ನು ಸಾಲಾಗಿ ನಿಲ್ಲಿಸಿ, ನೀವು ಕೈ ತೊಳೆಯುವುದಿಲ್ಲವೆಂದು ಬೈದು, ಎಲ್ಲರ ಗಂಟಲು ಪರೀಕ್ಷಿಸಲು ನನಗೆ ಹೇಳಿದರು.

ಘಾತಕ ಹುಳುಗಳನ್ನು ಎ, ಬಿ, ಸಿ ಎಂದು ಗುಂಪು ಮಾಡುವುದು ಆಗಿನ್ನೂ ಹೊಸದು. ಬಾಣಂತಿಯರನ್ನು ಕೊಂದದ್ದು ಎ ಗುಂಪು. ದಾದಿಯರಲ್ಲಿ ಅದು ಯಾರಿಗೂ ಇರಲಿಲ್ಲ. ಎಲ್ಲರೂ ಎಂದರೆ ಎಲ್ಲರೂ ಎಂದು ಹಿರಿಯ ಡಾಕ್ಟರ ಗಂಟಲನ್ನೂ ನೋಡಿದೆ. ಇದ್ದದ್ದು ಅಲ್ಲಿ. ಹೆರಿಗೆ ಮಾಡಿಸುವಾಗ ಬಾಯಿಗೆ ಬಟ್ಟೆ ಕಟ್ಟದೆ ಕೂಗಾಡುವುದು ಅವರ ಅಭ್ಯಾಸ.

ಸುದ್ದಿ ತಿಳಿದ ಮೇಲೆ ಕೆಲವು ವಾರ ಅವರು ವಾರ್ಡಿಗೆ ಬರಲಿಲ್ಲ. ಬಂದಾಗ ಮೂಗಿನ ತನಕ ಬಟ್ಟೆ. ಬೈದರೂ ಏನೂ ಕೇಳಿಸುತ್ತಿರಲಿಲ್ಲ. ಬೆಳಗಾವಿ ಕಡೆಯ ಹಿರಿಯ ದಾದಿಯೊಬ್ಬಳು ನನ್ನ ಪಕ್ಕ ನಿಂತು ಹೇಳಿದಳು: "ಇವರ ಬಾಯಿ ಬಂದ್ ಮಾಡಪಾ ಅಂತ ದೇವರಿಗೆ ನಾನೇ ಬೇಡಿಕೊಂಡಿದ್ದೆ. ಇಷ್ಟು ತುಟ್ಟಿ ಅಂತ ಗೊತ್ತಿದ್ರ ಬೇಡ್ತಿದ್ದಿಲ್ಲ."

ಕೆಂಪು ಔಷಧ

ನಮ್ಮ ಕಡೆಯ ಬಟ್ಟೆ ವ್ಯಾಪಾರಿಯೊಬ್ಬ ದಾಖಲಾದ. ಅದೇ ಹುಳು ಮುಖಕ್ಕೆ ಹತ್ತಿತ್ತು. ಮುಖ ಕೆಂಪಗೆ ಬಾತು ಕಣ್ಣು ಮುಚ್ಚಿದ್ದವು, ಜ್ವರಕ್ಕೆ ಮೈ ಸುಡುತ್ತಿತ್ತು. ಅವನು ಬದುಕುವ ಆಸೆ ಯಾರಿಗೂ ಇರಲಿಲ್ಲ. ವಿಲಾಯತಿನಿಂದ ಹೊಸದಾಗಿ ಬಂದ ಕೆಂಪು ಔಷಧವನ್ನು ಸೂಜಿಯಲ್ಲಿ ಕೊಟ್ಟೆವು.

ಮರುದಿನ ಮೂತ್ರ ಕೆಂಪಗೆ ಹೋಯಿತು. ಕಾವಲಿಗಿದ್ದ ಅವನ ತಮ್ಮ ಹಾಗೆಂದು ಹೇಳಿದ್ದೇ ತಡ, ಮೈಯ ರಕ್ತವೆಲ್ಲ ಹೋಯಿತೆಂದು ವ್ಯಾಪಾರಿ ಹೆಂಡತಿಯನ್ನು ಕರೆಸಿದ. ನಾನು ಹೋಗುವಷ್ಟರಲ್ಲಿ ಮಾತು ಶುರುವಾಗಿತ್ತು.

"ಸುಳ್ಳು ಹೊತ್ಕೊಂಡು ಸಾಯಾಕ ಮನಸ್ಸಿಲ್ಲ. ವರ್ಷಾ ವರ್ಷಾ ಆಷಾಢದಾಗ ಪಂಢರಪುರಕ್ಕ ನಡಕೊಂತ ಹೋಗ್ತೀನಿ ಅಂತಿದ್ನಲ್ಲಾ, ಅಲ್ಲಿಗಲ್ಲ, ಹವಾ ತಿನ್ನಾಕ ಲೋಣಾವಳಾಕ್ಕ ಹೋಗ್ತಿದ್ದೆ. ಗೆಳ್ಯಾರ ಜೋಡಿ ಇಸ್ಪೀಟಾಡಿ, ಕೋಳಿ ತಿಂದು ಬರ್ತಿದ್ದೆ."

ಆಕೆ ಅಳಲಿಲ್ಲ. "ಬಂದಾಗೊಮ್ಮೆ ನಿಮ್ಮ ಕಾಲು ತೊಳದು ಆ ನೀರು ಕುಡದೀನ್ರಿ," ಎಂದಳು.

ಅದು ರಕ್ತವಲ್ಲ, ಔಷಧದ ಬಣ್ಣ ಎಂದು ನಾನು ಹೇಳಿದೆ. ತಡವಾಗಿತ್ತು. ವಾರದೊಳಗೆ ಬಾವು ಇಳಿಯಿತು, ಜ್ವರ ಬಿಟ್ಟಿತು. ಮನೆಗೆ ಕಳಿಸುವ ದಿನ ಹೆಂಡತಿ ಟಾಂಗಾ ತಂದು ಬಾಗಿಲಲ್ಲಿ ನಿಂತಿದ್ದಳು. ಅವನು ಕಿಟಕಿಯಿಂದ ಆಕೆಯನ್ನು ನೋಡಿ ನನ್ನ ಕೈ ಹಿಡಿದುಕೊಂಡ.

"ಡಾಕ್ಟ್ರ, ಇನ್ನೊಮ್ಮೆ ಸರಿಯಾಗಿ ನೋಡ್ರಿ. ಒಂದಾದ್ರೂ ಹುಳಾ ಉಳದಿರ್ಬೇಕು."