ಸೋಮವಾರದ ಕೋಳಿ

ರಿಪೇರಿ ಅಂಗಡಿ ಇಟ್ಟವನು ತಮಾಷೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿ ಕೆಟ್ಟು ಅಂಗಡಿಗೇ ಬರುತ್ತದೆ. ಮಣ್ಣಗುಡ್ಡದಲ್ಲಿ ನನ್ನದೊಂದು ಸಣ್ಣ ಅಂಗಡಿ: ಟಿವಿ, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ನನಗೆ ಮಾತು ಕಡಿಮೆ. ಕೆಲಸವಿಲ್ಲದಾಗ ಪುಸ್ತಕ ಓದುತ್ತೇನೆ. ಆದರೆ ಕಳೆದ ಒಂದು ವರ್ಷದಿಂದ ಓದು ಮುಂದೆ ಹೋಗಿಲ್ಲ. ಅಂಗಡಿಯ ಮೂಲೆಯಲ್ಲಿ ಆಳೆತ್ತರದ ಹಳೆಯ ವಿಡಿಯೋ ಗೇಮ್ ಯಂತ್ರವೊಂದು ನಿಂತಿದೆ. ನಾಲ್ವರು ಒಟ್ಟಿಗೆ ಆಡುವ ಹೊಡೆದಾಟದ ಆಟ. ನಾಲ್ಕು ಹಿಡಿಗಳಿವೆ. ಅವುಗಳಲ್ಲಿ ಒಂದನ್ನು ಹಿಡಿಯಬೇಕಾದವನು ನನ್ನೊಡನೆ ಮಾತು ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ಅವನು ಬರುತ್ತಾನೋ ಇಲ್ಲವೋ ಎನ್ನುವುದೇ ಈ ವರ್ಷವಿಡೀ ನನಗಿದ್ದ ಚಿಂತೆ.

ನಾವು ನಾಲ್ವರೂ ಮಾತಾಡುವುದು ತುಳುವಿನಲ್ಲಿ. ಬೈಗುಳಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಹಾಗಾಗಿ ಬರೆಹ ಚಿಕ್ಕದಾಗಿದೆ.

ನಮ್ಮ ನಿಯಮ

ಕಾಲೇಜು ಮುಗಿದು ಕೆಲಸ ಸಿಗದ ದಿನಗಳಲ್ಲಿ ನಾವು ಜೆಪ್ಪುವಿನ ಒಂದು ಗೇಮ್ ಪಾರ್ಲರಿನಲ್ಲಿ ಆಡುತ್ತಿದ್ದೆವು. ಒಬ್ಬನ ಮನೆಯವರಿಗೆ ಮೀನಿನ ಬೋಟು ಇತ್ತು, ಅವನು ಬೋಟಿನವ. ಇನ್ನೊಬ್ಬ ಮುಂದೆ ದುಬೈಗೆ ಹೋಗಿ, ಈಗ ದೇರೆಬೈಲಿನಲ್ಲಿ ಮನೆ ಕಟ್ಟಿ ಕೂತಿದ್ದಾನೆ, ಅವನು ದುಬೈಯವ. ಮತ್ತೊಬ್ಬ ಈಗ ಹೈಸ್ಕೂಲಿನಲ್ಲಿ ಮಾಷ್ಟ್ರು. ನಾಲ್ಕನೆಯವ ನಾನು. ಹಿಡಿಗಳು ಬದಲಾಗುತ್ತಿರಲಿಲ್ಲ. ಮೂರನೆಯದು ಬೋಟಿನವನದ್ದು, ಅದರ ಪಕ್ಕದ ನಾಲ್ಕನೆಯದು ನನ್ನದು.

ಆಟ ಸರಳ. ಪರದೆಯ ಎರಡೂ ಕಡೆಯಿಂದ ರೌಡಿಗಳು ಬರುತ್ತಾರೆ. ನಾಲ್ವರೂ ಸೇರಿ ಗುದ್ದುತ್ತ, ಒದೆಯುತ್ತ ಎಡದಿಂದ ಬಲಕ್ಕೆ ಹೋಗಬೇಕು. ಕೊನೆಯಲ್ಲಿ ಎಲ್ಲರಿಗಿಂತ ದೊಡ್ಡ ರೌಡಿಯೊಬ್ಬ ಕಾದಿರುತ್ತಾನೆ. ನಮ್ಮ ಜೀವ ಮೇಲೆ ಒಂದು ಹಳದಿ ಪಟ್ಟಿಯಾಗಿ ಕಾಣುತ್ತದೆ. ಪೆಟ್ಟು ಬಿದ್ದಷ್ಟೂ ಸಣ್ಣದಾಗುತ್ತದೆ. ದಾರಿಯಲ್ಲಿ ಸಿಕ್ಕಿದ ಪೀಪಾಯಿಯನ್ನು ಒಡೆದರೆ ಒಳಗಿನಿಂದ ಇಡೀ ಹುರಿದ ಕೋಳಿ ಬೀಳುತ್ತದೆ. ಪೀಪಾಯಿಯೊಳಗೆ ಕೋಳಿ ಇಟ್ಟವರು ಯಾರೆಂದು ನಾವು ಯಾವತ್ತೂ ವಿಚಾರಿಸಲಿಲ್ಲ. ತಿಂದವನ ಪಟ್ಟಿ ಪೂರ್ತಿ ತುಂಬುತ್ತದೆ, ಅಷ್ಟು ಸಾಕಿತ್ತು.

ಯಾರು ತಿನ್ನಬೇಕು? ಯಂತ್ರಕ್ಕೆ ಈ ಬಗ್ಗೆ ನಿಯಮವಿಲ್ಲ. ನಮಗಿತ್ತು. ಸಾಯಲು ಹತ್ತಿರ ಇದ್ದವನಿಗೆ ಕೋಳಿ.

ಆವತ್ತು ಸೋಮವಾರ. ಕೊನೆಯ ರೌಡಿಯ ಎದುರು ನಿಂತಿದ್ದೆವು. ಬೋಟಿನವನ ಜೀವ ಉಗುರಿನಷ್ಟು ಉಳಿದಿತ್ತು. ನನ್ನದು ಹೆಚ್ಚುಕಡಿಮೆ ಪೂರ್ತಿ ಇತ್ತು. ಕೋಳಿ ಬಿದ್ದದ್ದು ನನ್ನ ಕಾಲ ಬುಡದಲ್ಲಿ, ಅದರ ಪಕ್ಕದಲ್ಲೇ ಒಬ್ಬ ರೌಡಿ. ಆ ಯಂತ್ರದಲ್ಲಿ ಗುದ್ದಲಿಕ್ಕೂ ಹೆಕ್ಕಲಿಕ್ಕೂ ಒಂದೇ ಬಟನ್. ನಾನು ಒತ್ತಿದ್ದು ರೌಡಿಗೆ ಗುದ್ದಲು. ನನ್ನ ಮನುಷ್ಯ ಬಗ್ಗಿ ಕೋಳಿ ತಿಂದ. ಮರುಕ್ಷಣ ಬೋಟಿನವ ಸತ್ತ. ಅವನ ಹಿಂದೆ ಉಳಿದವರೂ ಸತ್ತೆವು.

ನಮ್ಮ ಮನೆಯಲ್ಲಿ ಸೋಮವಾರ ಮೀನು ಮಾಂಸ ಇಲ್ಲವೆಂದು ಬೋಟಿನವನಿಗೆ ಗೊತ್ತಿತ್ತು. ಅವನು ಹಿಡಿಯಿಂದ ಕೈ ತೆಗೆದು, "ಸೋಮವಾರ ಕೂಡ ಕೋಳಿ ಬಿಡದವ!" ಎಂದು ಹೇಳಿ ಹೊರಟುಹೋದ. ಬಟನ್ನಿನ ವಿಷಯವನ್ನು ನಾನು ಆಗಲೇ ಹೇಳಬೇಕಿತ್ತು. ನನ್ನ ಬಾಯಿಗೆ ಮಾತು ಬರುವಷ್ಟರಲ್ಲಿ ಅವನ ಬಸ್ಸು ಹೋಗಿತ್ತು. ಮಹಾಯುದ್ಧಗಳ ಕಾರಣಗಳ ಬಗ್ಗೆ ನಾನು ಸಾಕಷ್ಟು ಓದಿದ್ದೇನೆ. ಎಲ್ಲದಕ್ಕೂ ಕೋಳಿಗಿಂತ ದೊಡ್ಡ ಕಾರಣ ಇರಲಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಸೋಮವಾರ ಕೋಳಿ ತಿಂದೆಯಂತೆ?"

"ಅದು ಆಟದ್ದು ಅಮ್ಮ. ಮೆಶಿನಿನ ಕೋಳಿ."

"ಮೆಶಿನಿನಲ್ಲಿ ಬೇಯಿಸಿದ್ರೆ ಕೋಳಿ ಕೋಳಿ ಅಲ್ವಾ?"

"ತಿಂದದ್ದು ನಾನಲ್ಲ. ಅದರ ಒಳಗಿರುವ ಮನುಷ್ಯ."

"ಹೌದೌದು. ನಿನ್ನ ಅಪ್ಪನೂ ಹಾಗೇ ಹೇಳುವುದು. ಕುಡಿದದ್ದು ನಾನಲ್ಲ, ಒಳಗಿರುವ ಮನುಷ್ಯ ಅಂತ."

ಯಂತ್ರದ ಹೊಟ್ಟೆಯಲ್ಲಿ

ಆಮೇಲಿನ ವರ್ಷಗಳಲ್ಲಿ ನಾನೂ ಬೋಟಿನವನೂ ಮದುವೆ ಮನೆಗಳಲ್ಲಿ ಎದುರಾದರೆ ತಲೆ ಆಡಿಸುತ್ತಿದ್ದೆವು, ಅಷ್ಟೇ. ಕೋಳಿ ಸುಕ್ಕ ಬಡಿಸುವ ಹೊತ್ತಿಗೆ ಅವನು ಆ ಕಡೆಯ ಸಾಲಿನಿಂದ ನನ್ನ ಎಲೆಯನ್ನೇ ನೋಡುತ್ತಿದ್ದ.

ಕಳೆದ ವರ್ಷ ಪಾರ್ಲರ್ ಇದ್ದ ಕಟ್ಟಡವನ್ನು ಕೆಡವುವುದೆಂದಾಯಿತು. ಮಾಲೀಕರ ಮಗಳು ಫೋನ್ ಮಾಡಿ, "ಅಪ್ಪನ ಒಂದು ಮೆಶಿನ್ ಉಂಟು, ಗುಜರಿಗೆ ಹಾಕ್ಲಿಕ್ಕೆ ಮನಸ್ಸು ಬರುವುದಿಲ್ಲ, ನಿಮಗೆ ಬೇಕಾ?" ಎಂದರು. ಅದೇ ಯಂತ್ರ. ಗೂಡ್ಸ್ ಟೆಂಪೋದಲ್ಲಿ ತಂದೆ.

ಹಿಂದಿನ ಹಲಗೆ ಬಿಚ್ಚಿದರೆ ಒಳಗೊಂದು ಇಲಿಗೂಡು. ಯಾರದೋ ಪರೀಕ್ಷೆಯ ಹಾಲ್ ಟಿಕೆಟುಗಳನ್ನು ಹರಿದು ಕಟ್ಟಿದ್ದು. ಆಟದ ಗುಂಗಿನಲ್ಲಿ ಪರೀಕ್ಷೆ ತಪ್ಪಿಸಿಕೊಂಡವರ ಹೆಸರಿನಲ್ಲಿ ಇಲಿಗಳಾದರೂ ಸಂಸಾರ ಮಾಡಿದ್ದವು. ವೈರು ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ. ಮೂರನೆಯ ಹಿಡಿ ಅಲುಗಲಿಲ್ಲ. ಬಿಚ್ಚಿ ನೋಡಿದರೆ ಬುಡದಲ್ಲಿ ಒಣಗಿದ ಮೀನಿನ ಹುರುಪೆ. ಬೋಟು ನಿಲ್ಲುವ ದಕ್ಕೆಯಲ್ಲಿ ಮೀನು ಇಳಿಸಿದ ಕೈಯಲ್ಲೇ ಬಂದು ಆಡುತ್ತಿದ್ದ ಬೋಟಿನವನದ್ದು. ಬಂಗುಡೆಯ ವಾಸನೆಯೂ ಹಾಗೇ ಇತ್ತು. ಉಳಿದ ಎಲ್ಲ ಭಾಗಗಳ ಆಯುಷ್ಯ ಮುಗಿದಿತ್ತು. ವಾಸನೆ ಮಾತ್ರ ಇನ್ನೂ ವಾರಂಟಿಯಲ್ಲಿತ್ತು.

ಕೈ ಮರೆಯುವುದಿಲ್ಲ

ಯಂತ್ರದ ಪರದೆ ಬೆಳಗಿದ ದಿನ ದುಬೈಯವನನ್ನೂ ಮಾಷ್ಟ್ರನ್ನೂ ಕರೆದೆ. ಇಬ್ಬರಿಗೂ ಕನ್ನಡಕ. ದೂರಕ್ಕೆ ಒಂದು, ಹತ್ತಿರಕ್ಕೆ ಒಂದು. ಯಂತ್ರ ಇರುವುದು ದೂರವೂ ಅಲ್ಲದ ಹತ್ತಿರವೂ ಅಲ್ಲದ ಕಡೆ.

ನಾನು ಟೂಲ್ಸ್ ತೆಗೆದಿಡುವಷ್ಟರಲ್ಲಿ ಇಬ್ಬರೂ ಹಿಡಿಗಳಿಗೆ ಅಂಟಿಕೊಂಡಿದ್ದರು. ಪರದೆಯಲ್ಲಿ ಭಾರಿ ಹೊಡೆದಾಟ. ರೌಡಿಗಳು ಗಾಳಿಯಲ್ಲಿ ಹಾರುತ್ತಿದ್ದರು.

"ನೋಡು ಮಾರಾಯ!" ಎಂದ ದುಬೈಯವ. "ಇಷ್ಟು ವರ್ಷ ಆಯ್ತು, ಕೈ ಮರೆಯಲಿಲ್ಲ! ಒಂದು ಪೆಟ್ಟು ನನಗೆ ಬೀಳಲಿಲ್ಲ!"

"ನಾನು ಅವನನ್ನು ಎತ್ತಿ ಬಿಸಾಡಿದ್ದು ಕಂಡಿತಾ?" ಎಂದರು ಮಾಷ್ಟ್ರು. "ಆಗ ನನಗೆ ಇದು ಬರ್ತಾ ಇರಲಿಲ್ಲ. ವಯಸ್ಸಾದ ಮೇಲೆ ಬಂದದ್ದು."

ಇಬ್ಬರ ಹಣೆಯಲ್ಲೂ ಬೆವರು. ಮಿಕ್ಸಿ ಕೊಂಡುಹೋಗಲು ಬಂದಿದ್ದ ಹೆಂಗಸೊಬ್ಬಳು ಬೆಂಚಿನ ಮೇಲೆ ಕುಳಿತು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಕನ್ನಡಕ ಇರಲಿಲ್ಲ.

"ಅಣ್ಣ," ಎಂದಳು, "ನೀವು ಆಡ್ತಾ ಇದ್ದೀರಾ? ಅದರಲ್ಲಿ ಆಟ ಶುರು ಮಾಡ್ಲಿಕ್ಕೆ ಮೊದಲು ನಾಣ್ಯ ಹಾಕಿ ಅಂತ ಬರ್ತಾ ಉಂಟಲ್ಲ?"

ಯಾರೂ ಆಡದಿದ್ದಾಗ ಆ ಯಂತ್ರ ತನ್ನಷ್ಟಕ್ಕೆ ಆಡಿ ತೋರಿಸುತ್ತದೆ. ಮರುದಿನ ನಾನು ನಾಣ್ಯದ ಜಾಗಕ್ಕೆ ಒಂದು ಕಾಲಿಂಗ್ ಬೆಲ್ಲಿನ ಗುಂಡಿ ಹಾಕಿದೆ. ನಿಜವಾದ ಆಟದಲ್ಲಿ ಇಬ್ಬರೂ ಒಂದು ನಿಮಿಷವೂ ಬದುಕಲಿಲ್ಲ.

ಹೆಲ್ಮೆಟ್

ಮಾಷ್ಟ್ರು ಶಾಲೆಯಲ್ಲಿ ವಾರಕ್ಕೊಮ್ಮೆ ವಿಡಿಯೋ ಗೇಮಿನಿಂದ ಹಾಳಾದ ಜೀವನಗಳ ಬಗ್ಗೆ ಭಾಷಣ ಮಾಡುತ್ತಾರೆ. ಆದ್ದರಿಂದ ಆ ಮೊದಲ ದಿನದ ನಂತರ ನನ್ನ ಅಂಗಡಿಗೆ ಬಂದರೆ ಹೆಲ್ಮೆಟ್ ತೆಗೆಯುವುದಿಲ್ಲ. ಗಾಜು ಇಳಿಸಿಕೊಂಡೇ ಆಡುತ್ತಾರೆ.

ಒಂದು ಸಂಜೆ ಇಸ್ತ್ರಿಪೆಟ್ಟಿಗೆಗೆ ಬಂದ ತಾಯಿಯೊಬ್ಬಳು ಅವರನ್ನು ನೋಡಿ ನಿಂತಳು. ಹೆಲ್ಮೆಟ್ಟಿನ ಒಳಗಿನಿಂದ, "ಹಿಂದೆ! ಹಿಂದೆ! ಸಾಲಾಗಿ ಬನ್ನಿ, ಒಬ್ಬೊಬ್ಬರಾಗಿ ಬನ್ನಿ!" ಎಂದು ರೌಡಿಗಳಿಗೆ ಹೇಳುವುದು ಕೇಳುತ್ತಿತ್ತು.

"ಅದು ಯಾರು?" ಎಂದಳು.

"ಕೆಲಸದವರು," ಎಂದೆ.

"ಹೆಲ್ಮೆಟ್ ಎಂತಕ್ಕೆ?"

"ಕರೆಂಟಿನ ಕೆಲಸ ಅಲ್ವಾ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಬಾಗಿಲ ತನಕ ಹೋದಳು. ಅಲ್ಲಿ ತಿರುಗಿ, ಸಹಜವಾಗಿ ಕೇಳಿದಳು. "ಮಾಷ್ಟ್ರೇ, ನಾಳೆ ಪೇರೆಂಟ್ಸ್ ಮೀಟಿಂಗ್ ಎಷ್ಟು ಗಂಟೆಗೆ?"

"ಹತ್ತೂವರೆಗೆ," ಎಂದಿತು ಹೆಲ್ಮೆಟ್.

ಉಪ್ಪು ಹಿಡಿದ ಟಿವಿ

ಮೂವರೇ ಆಡಿ ಕೊನೆಯ ರೌಡಿಯ ತನಕವೂ ಹೋಗಲಾಗುತ್ತಿರಲಿಲ್ಲ. ಎರಡನೆಯ ಹಿಡಿಗೂ ನಾಲ್ಕನೆಯದಕ್ಕೂ ನಡುವೆ ಒಬ್ಬ ಮನುಷ್ಯನಷ್ಟು ಜಾಗ ಖಾಲಿ. ಯಾರೂ ಆ ಕಡೆ ಸರಿಯಲಿಲ್ಲ.

ಆಗ ದುಬೈಯವ ಒಂದು ಟಿವಿ ತಂದ. "ನನ್ನ ಸಂಬಂಧದವರದ್ದು," ಎಂದ. ಬೋರ್ಡಿನಲ್ಲಿ ಉಪ್ಪಿನ ತುಕ್ಕು ಹಿಡಿದಿತ್ತು. ದೇರೆಬೈಲಿನ ಟಿವಿಗಳಿಗೆ ಉಪ್ಪು ಹಿಡಿಯುವುದಿಲ್ಲ. ಹಾಗಾಗಬೇಕಾದರೆ ಕಡಲ ಬದಿಯಲ್ಲಿರಬೇಕು. ಹಿಂದೆಯೂ ಇದೇ ಸಂಬಂಧದವರ ಎರಡು ಟಿವಿಗಳನ್ನು ಸರಿಮಾಡಿ ಕಳಿಸಿದ್ದೆ. ಯಾರದ್ದೆಂದು ನಾನು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಮಾತು ಬಿಟ್ಟಿದ್ದರೂ ಬೋಟಿನವ ರಿಪೇರಿಗೆ ಬೇರೆ ಅಂಗಡಿಗೆ ಹೋಗಿರಲಿಲ್ಲ.

ರಿಪೇರಿಯ ಚೀಟಿಯಲ್ಲಿ ಏನು ಸರಿಮಾಡಿದ್ದೇನೆಂದು ಬರೆದು ಅಂಟಿಸುವುದು ನನ್ನ ಕ್ರಮ. ಈ ಸಲ 'ಪವರ್ ಬೋರ್ಡ್' ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಮೂರನೆಯ ಹಿಡಿ ಸರಿಯಾಗಿದೆ.'

ಎರಡು ದಿನ ಕಳೆದು ಬೋಟಿನವನ ಹೆಂಡತಿಯ ಫೋನ್.

"ನಮ್ಮ ಟಿವಿಗೆ ಮೂರನೇ ಹಿಡಿ ಎಲ್ಲಿ ಉಂಟು? ಒಂದನೇದೂ ಎರಡನೇದೂ ನನಗೆ ಸಿಗಲಿಲ್ಲ. ನಿಮ್ಮ ಚೀಟಿ ಓದಿದ ಮೇಲೆ ಇವರು ಟಿವಿ ಹಾಕುವುದೇ ಇಲ್ಲ. ಚೀಟಿಯನ್ನೇ ನೋಡ್ತಾ ಕೂತಿದ್ದಾರೆ!"

ಮರ್ಯಾದೆ

ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ದಡದಲ್ಲಿರುತ್ತವೆ. ಅಂಥ ಒಂದು ಆದಿತ್ಯವಾರ ಮಧ್ಯಾಹ್ನ, ನಾವು ಮೂವರು ಆಡುತ್ತಿದ್ದಾಗ, ಬೋಟಿನವ ಒಳಗೆ ಬಂದ. ರೈನ್‌ಕೋಟ್ ತೆಗೆದು ಮೊಳೆಗೆ ಸಿಕ್ಕಿಸಿದ. ಯಾರ ಮುಖವನ್ನೂ ನೋಡದೆ ಖಾಲಿ ಜಾಗದಲ್ಲಿ ನಿಂತ. ಹಿಡಿಯನ್ನು ಒಮ್ಮೆ ಅಲುಗಿಸಿದ.

"ಮಾಷ್ಟ್ರೇ, ಅವನಿಗೆ ಹೇಳು," ಎಂದ, "ಹಿಡಿ ಸ್ವಲ್ಪ ಟೈಟ್ ಉಂಟು."

ನಾನು ಅವನಿಗೆ ತಾಗಿಕೊಂಡೇ ನಿಂತಿದ್ದೆ. "ಮಾಷ್ಟ್ರೇ, ಅವನಿಗೆ ಹೇಳು," ಎಂದೆ, "ಎರಡು ಆಟ ಆಡಿದ್ರೆ ಸಡಿಲ ಆಗ್ತದೆ."

"ಆಡ್ಲಿಕ್ಕೆ ಬಿಡಿ ಮಾರಾಯ್ರೆ!" ಎಂದಿತು ಹೆಲ್ಮೆಟ್. "ನಾನೆಂತ ಟೆಲಿಫೋನ್ ಎಕ್ಸ್‌ಚೇಂಜಾ?"

ಬೆಲ್ ಒತ್ತಿದೆವು. ಆಟ ಶುರುವಾಯಿತು. ಎರಡು ಬೀದಿ ದಾಟುವ ತನಕ ಮಾತಿಲ್ಲ. ಮೂರನೆಯ ಬೀದಿಯಲ್ಲಿ ಬೋಟಿನವ ಇದ್ದಕ್ಕಿದ್ದಂತೆ ಕೂಗಿದ: "ಹಿಂದೆ ನೋಡು ಮಾರಾಯ, ಚೂರಿ!" ಇಪ್ಪತ್ತೆಂಟು ವರ್ಷಗಳಲ್ಲಿ ಅವನು ನೇರವಾಗಿ ನನಗೆ ಹೇಳಿದ ಮೊದಲ ಮಾತು. ನಾನು ಹಿಂದೆ ನೋಡಲಿಲ್ಲ, ಅವನನ್ನೇ ನೋಡಿದೆ. ಚೂರಿ ಬಿತ್ತು. ಆದರೂ ಮುಂದೆ ಹೋದೆವು. ಮೊಣಕೈಗಳು ತಾಗುತ್ತಿದ್ದವು, ಬಂಗುಡೆಯ ವಾಸನೆ ಬರುತ್ತಿತ್ತು. ಹಿಡಿಯದ್ದೋ ಕೈಯದ್ದೋ ಗೊತ್ತಾಗಲಿಲ್ಲ.

ಕೊನೆಗೆ ದೊಡ್ಡ ರೌಡಿ ಬಂದ. ನಾಲ್ವರ ಜೀವವೂ ಉಗುರಿನಷ್ಟೇ ಉಳಿದಿತ್ತು, ರೌಡಿಯದೂ ಹಾಗೆಯೇ. ಆಗ ಪೀಪಾಯಿ ಒಡೆದು ಕೋಳಿ ಬಿತ್ತು. ನನಗೂ ಬೋಟಿನವನಿಗೂ ಸರಿಯಾಗಿ ನಡುವೆ.

ನಾನು ಬಟನ್ನಿನಿಂದ ಬೆರಳು ತೆಗೆದೆ. "ನೀನು ತಿನ್ನು."

ಅವನೂ ಕೈ ತೆಗೆದ. "ಬೇಡ, ನೀನು ತಿನ್ನು."

"ನಿನಗೆ ಕಡಿಮೆ ಉಂಟು."

"ನಿನಗೂ ಕಡಿಮೆಯೇ. ನಿನ್ನ ಹತ್ತಿರ ಬಿದ್ದದ್ದು."

"ನೀನು ಇಷ್ಟು ವರ್ಷದ ಮೇಲೆ ಬಂದವ. ತಿನ್ನದೆ ಹೋದ್ರೆ ನನಗೆ ಬೇಜಾರಾಗ್ತದೆ."

"ಹಾಗಾದ್ರೆ ದುಬೈಯವನಿಗೆ ಕೊಡುವ."

"ನನಗೆ ಬೇಡಪ್ಪ," ಎಂದ ದುಬೈಯವ, "ಕೊಲೆಸ್ಟ್ರಾಲ್ ಉಂಟು. ಮಾಷ್ಟ್ರು ತಿನ್ನಲಿ."

"ಛೆ ಛೆ, ಮೊದಲು ನೀವು," ಎಂದರು ಮಾಷ್ಟ್ರು.

ಕೋಳಿ ಮೂರು ಸಲ ಮಿಣಿಮಿಣಿ ಎಂದು ಮಾಯವಾಯಿತು. ಇಂಥ ಉಪಚಾರದ ಗೊಡವೆಯಿಲ್ಲದ ರೌಡಿ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಬೀಸಿದ. ನಾಲ್ವರೂ ಸಾಲಾಗಿ ಸತ್ತೆವು.

ಪರದೆಯಲ್ಲಿ ಹತ್ತರಿಂದ ಎಣಿಕೆ ಇಳಿಯತೊಡಗಿತು. ಸೊನ್ನೆಯಾಗುವ ಮೊದಲು ಬೆಲ್ ಒತ್ತಿದರೆ ಸತ್ತಲ್ಲಿಂದಲೇ ಮುಂದುವರಿಸಬಹುದು.

"ಒತ್ತು," ಎಂದ ಬೋಟಿನವ.

"ನೀನು ಒತ್ತು. ನೀನು ಅತಿಥಿ."

"ಅಂಗಡಿ ನಿನ್ನದು. ನಾನು ಹೇಗೆ ಒತ್ತುವುದು?"

ಸೊನ್ನೆಯಾಯಿತು.

ಹೊರಗೆ ಮಳೆ ಸುರಿಯುತ್ತಿತ್ತು. ನಾನು ಇಪ್ಪತ್ತೆಂಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. "ಆವತ್ತು ನಾನು ಗುದ್ದಲಿಕ್ಕೆ ಹೋದದ್ದು. ಎರಡಕ್ಕೂ ಬಟನ್ ಒಂದೇ."

"ಗೊತ್ತುಂಟು," ಎಂದ ಬೋಟಿನವ. "ಬಸ್ಸಿನಲ್ಲಿ ಹೋಗುವಾಗಲೇ ನೆನಪಾಯ್ತು."

"ಮತ್ತೆ ಎಂತಕ್ಕೆ ಬರಲಿಲ್ಲ?"

"ಬಸ್ಸು ಹತ್ತುವ ಮೊದಲೇ ನಿನ್ನ ಅಮ್ಮನಿಗೆ ಕಾಯಿನ್ ಬೂತಿನಿಂದ ಫೋನ್ ಮಾಡಿ ಆಗಿತ್ತು. ಇನ್ನು ಯಾವ ಮುಖದಲ್ಲಿ ಬರುವುದು?"

ದುಬೈಯವ ನಗಲು ಶುರುಮಾಡಿದ. ಮಾಷ್ಟ್ರು ನಗಲಿಕ್ಕಾಗಿ ಹೆಲ್ಮೆಟ್ಟನ್ನೇ ತೆಗೆದರು. ಬೋಟಿನವ ರೈನ್‌ಕೋಟ್ ಹಾಕಿಕೊಂಡ.

"ನಾಳೆ ಇದೇ ಹೊತ್ತಿಗೆ ಬರ್ತೇನೆ," ಎಂದ. "ಮರ್ಯಾದೆಯನ್ನೆಲ್ಲ ಮನೆಯಲ್ಲಿಟ್ಟು ಬನ್ನಿ. ಈ ಉಪಚಾರದಲ್ಲಿ ಆ ರೌಡಿಯನ್ನು ಮುಗಿಸ್ಲಿಕ್ಕೆ ಆಗುವುದಿಲ್ಲ. ಕೋಳಿ ಯಾರಿಗೆ ಅಂತ ಈಗಲೇ ತೀರ್ಮಾನ ಆಗಲಿ."

"ಹೇಗೆ ತೀರ್ಮಾನ?" ಎಂದೆ.

ಅವನು ಗೋಡೆಯ ಕ್ಯಾಲೆಂಡರನ್ನು ನೋಡಿದ, ಆಮೇಲೆ ನನ್ನನ್ನು.

"ನಾಳೆ ಸೋಮವಾರ," ಎಂದ. "ನೀನು ತಿನ್ನುವ ಹಾಗಿಲ್ಲ."