ಭಾವನ ಸೂರ್ಯ, ಅಕ್ಕನ ಹಪ್ಪಳ

"ಮಂಗಳಾ, ಇವತ್ತು ನಿನ್ನ ಗಂಡ ಸೂರ್ಯನನ್ನೇ ಹಚ್ತಾನೆ, ನೋಡ್ತಾ ಇರು!"

ನಮ್ಮ ಭಾವ ಗಂಗಾಧರಯ್ಯ ಹೀಗೆ ಘೋಷಿಸಿದಾಗ ಅಕ್ಕ ತಾರಸಿಯ ಮೇಲೆ ಉದ್ದಿನ ಹಪ್ಪಳ ಒಣಹಾಕುತ್ತಿದ್ದಳು.

"ನನ್ನ ಹಪ್ಪಳಕ್ಕೆ ಮೇಲಿರೋನೇ ಸಾಕು ಕಣ್ರೀ! ನಿಮ್ಮ ಈ ಯಂತ್ರಾನೂ ಕೆಟ್ರೆ ತಾರಸಿ ಕೋಣೆ ನಂದು. ಲೋ ರೇಣು, ನೀನೇ ಸಾಕ್ಷಿ!"

ತುಮಕೂರಿನ ಆ ಮನೆಯಲ್ಲಿ ಜಗಳವೆಲ್ಲ ತಾರಸಿ ಕೋಣೆಯದೇ. ಅಕ್ಕನಿಗೆ ಹಪ್ಪಳದ ವ್ಯಾಪಾರಕ್ಕೆ ಅದು ಬೇಕು. ರೇಡಿಯೊ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಭಾವನ ಪ್ರಯೋಗಗಳಿಗೆ ಉಳಿದಿರುವುದೇ ಅದೊಂದು. ತಮ್ಮ ರೇಣು, ಅಂದರೆ ನಾನು, ಅಕ್ಕನ ಪಕ್ಷ. ಭಾವನ ಮುಖ ನೋಡಿದ ಕೂಡಲೇ ಭಾವನ ಪಕ್ಷ.

ಯಂತ್ರವೆಂದರೆ ದೊಡ್ಡ ಕೋಡುಬಳೆಯಂಥ ಗಾಜಿನ ಕೊಳವೆ, ಸುತ್ತಲೂ ತಾಮ್ರದ ತಂತಿ.

"ಒಳಗಿನ ಗಾಳಿ ತೆಗೆದು, ಚೂರೇ ಚೂರು ಉಳಿಸಿ, ರೇಡಿಯೊ ಅಲೆ ಬಿಟ್ಟು ಕಾಯಿಸ್ತೀನಿ. ಅದು ಸೂರ್ಯನಲ್ಲಿರೋ ಹಾಗೆ ಹೊಳೆಯೋ ಪ್ಲಾಸ್ಮಾ ಆಗುತ್ತೆ. ಗಾಜು ಮುಟ್ಟದ ಹಾಗೆ ಆಯಸ್ಕಾಂತ ಹಿಡ್ಕೊಳ್ಳುತ್ತೆ. ಅದರೊಳಗೆ ಅಲೆ ಎದ್ದು ಪಟ್ಟೆಪಟ್ಟೆಯಾಗಿ ನಿಲ್ಲುತ್ತೆ. ಆ ಪಟ್ಟೆ ಒಂದ್ಸಲ ನೋಡ್ಬೇಕು ಕಣೇ!"

ಭಾವ ನಮ್ಮಿಬ್ಬರನ್ನೂ ಕೋಣೆಯೊಳಗೆ ಕರೆದು ಸ್ವಿಚ್ ಒತ್ತಿದರು. ಅಕ್ಕನ ಕೈಲಿದ್ದ ಕಬ್ಬಿಣದ ಇಕ್ಕಳ ಹಾರಿಹೋಗಿ ಯಂತ್ರಕ್ಕೆ ಅಂಟಿತು!

"ನೋಡಿದ್ಯಾ ಆಯಸ್ಕಾಂತ!"

"ನನ್ನ ಇಕ್ಕಳ ಕೊಡ್ರೀ!"

ಪಂಪು ಬುಸುಗುಟ್ಟಿತು, ಪಟ್ಟೆ ಮಾತ್ರ ಇಲ್ಲ. ಕೊಳವೆಯ ಜೋಡಣೆಯಲ್ಲಿ ಸುಯ್ಯೆಂದು ಗಾಳಿ ನುಗ್ಗುತ್ತಿತ್ತು. ಭಾವ ಮೇಣ ಹಚ್ಚಿದರು, ಟೇಪು ಸುತ್ತಿದರು, ಕೊನೆಗೆ ಹೆಬ್ಬೆರಳನ್ನೇ ಒತ್ತಿ ನಿಂತರು! ಆಮೇಲೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಕೋಣೆ ನಿಂದೇ, ಮಂಗಳಾ."

ಗೆದ್ದವಳು ಕುಣಿಯಬೇಕಿತ್ತು. ಅಕ್ಕ ಗಂಡನನ್ನೇ ನೋಡಿದಳು, ಹೊರಗೆ ಹೋದಳು, ಹಪ್ಪಳದ ಹಿಟ್ಟಿನ ಉಂಡೆ ತಂದು ಜೋಡಣೆಗೆ ಬಲವಾಗಿ ಮೆತ್ತಿದಳು.

"ಇಷ್ಟು ಅಂಟು ಯಾವ ಅಂಗಡೀಲೂ ಸಿಗಲ್ಲ. ಹಚ್ರೀ ನಿಮ್ಮ ಸೂರ್ಯನ್ನ!"

ಸುಯ್ಯೆನ್ನುವುದು ನಿಂತಿತು. ಕೊಳವೆ ನಸುಗೆಂಪಾಗಿ ಬೆಳಗಿ, ಹಿಟ್ಟಿನ ಉಪ್ಪು ತಾಗಿದ್ದೇ ಹಳದಿಗೆ ತಿರುಗಿತು. ಆ ಹಳದಿಯಲ್ಲಿ ಪಟ್ಟೆ! ಬೆಳಕು, ಕತ್ತಲು, ಬೆಳಕು, ಕತ್ತಲು!

"ನಿಂತಿದೆ ಮಂಗಳಾ, ಅಲೆ ನಿಂತಿದೆ!" ಭಾವನ ಕಣ್ಣಲ್ಲಿ ನೀರು. ಸುಳ್ಳೇಕೆ ಹೇಳಲಿ, ನಾನೂ ಚಪ್ಪಾಳೆ ತಟ್ಟಿಬಿಟ್ಟೆ.

ಅಷ್ಟರಲ್ಲಿ ಹೊರಗೆ ಪಟಪಟ ಸದ್ದು. ರೇಡಿಯೊ ಅಲೆ ಕಿಟಕಿ ದಾಟಿ ತಾರಸಿಗೂ ಹೊರಟಿತ್ತು! ಅದರ ಕಾವಿಗೆ ಒಂದು ಸಾಲು ಹಪ್ಪಳ ಉಬ್ಬಿ ಗರಿಗರಿ, ಪಕ್ಕದ ಸಾಲು ಹಸಿ, ಅದರಾಚೆಯದು ಮತ್ತೆ ಗರಿಗರಿ.

"ಅಯ್ಯೋ, ನನ್ನ ಹಪ್ಪಳ!"

"ಮುಟ್ಟಬೇಡ! ಅದು ಅಲೆಯ ನಕ್ಷೆ!"

"ನಕ್ಷೆ ಅಲ್ಲ ರೀ, ನನ್ನ ವ್ಯಾಪಾರ!"

ಜೋಡಣೆಯ ಹಿಟ್ಟಿಗೂ ಕಾವು ಹತ್ತಿತು. ಅದು ಉಬ್ಬಿತು, ಉಬ್ಬಿತು, ಬೂದುಗುಂಬಳದಷ್ಟಾಗಿ ಢಬ್ಬೆಂದಿತು! ಸೂರ್ಯ ಆರಿದ. ಕೋಣೆಯ ತುಂಬ ಇಂಗಿನ ಘಮ.

"ಯಂತ್ರ ಕೆಲಸ ಮಾಡ್ತು. ಕೋಣೆ ನಂದು!"

"ಮಾಡಿದ್ದು ನನ್ನ ಹಿಟ್ಟು. ಕೋಣೆ ನಂದು!"

ಇಬ್ಬರೂ ಸಾಕ್ಷಿಯ ಕಡೆ ತಿರುಗಿದರು. ಸಾಕ್ಷಿಯ ಬಾಯಿ ತುಂಬ ಹಪ್ಪಳವಿತ್ತು.

ಈಗ ಕೋಣೆ ಇಬ್ಬರದೂ. ಭಾವ ಒಳಗೆ ಪಟ್ಟೆ ನೋಡುತ್ತಾರೆ. ಅಕ್ಕ ಹೊರಗೆ ಗರಿಗರಿಯಾಗುವ ಸಾಲಿನಲ್ಲೇ ಹಪ್ಪಳ ಜೋಡಿಸುತ್ತಾಳೆ, ಢಬ್ಬೆಂದಾಗಲೆಲ್ಲ ಬೈದುಕೊಂಡೇ ಹೊಸ ಉಂಡೆ ಮೆತ್ತುತ್ತಾಳೆ. ಎಣ್ಣೆಯಿಲ್ಲದ ಹಪ್ಪಳಕ್ಕೆ ಗಿರಾಕಿಗಳೂ ಬರುತ್ತಾರೆ. ಕೆಂಡದ ಮೇಲಿಟ್ಟರೂ ಹಪ್ಪಳ ಎಣ್ಣೆಯಿಲ್ಲದೆ ಹೀಗೆಯೇ ಗರಿಗರಿಯಾಗುತ್ತದೆ ಎಂದು ನಾನಂತೂ ಇಬ್ಬರಿಗೂ ಹೇಳಿಲ್ಲ. ಸಂಸಾರ ಚೆನ್ನಾಗಿ ನಡೆದಿದೆ.