ತೂತು ಗಡಿಗೆಯ ಹಾಡು

ಹಾಡಿನ ಹುಚ್ಚಿರುವವರು ಹಾಡು ಕೇಳುತ್ತಾರೆ ಅಂತ ತಿಳಿದಿದ್ದರೆ ಅದು ನಿಮ್ಮ ತಪ್ಪು. ನಲವತ್ತು ವರ್ಷ ಅಂಥವರೊಬ್ಬರ ಜೊತೆ ಸಂಸಾರ ಮಾಡಿ ಹೇಳುತ್ತಿದ್ದೇನೆ, ಅವರಿಗೆ ಹಾಡೊಂದು ಬಿಟ್ಟು ಉಳಿದದ್ದೆಲ್ಲ ಬೇಕು. ನಮ್ಮ ಯಜಮಾನರು ಮಿಲ್ಲಿನ ಕೆಲಸ ಮುಗಿದ ಮೇಲೆ ವಿನೋಬನಗರದ ಮನೆಯಲ್ಲಿ ಟೇಪು ಬಿಚ್ಚಿಕೊಂಡು ಕೂತವರು ಇನ್ನೂ ಎದ್ದಿಲ್ಲ. ಕ್ಯಾಸೆಟ್ಟಿಗೆ ಪೆನ್ಸಿಲ್ ತೂರಿಸಿ ತಿರುಗಿಸುವುದು, ನನ್ನ ಹಳೇ ಸೀರೆ ಹರಿದು ಧೂಳು ಒರೆಸುವುದು, ಹೆಸರು ಬರೆದು ಅಂಟಿಸುವುದು. ನಾನು ಅಕ್ಷರ ಕೂಡಿಸಿ ಒಂದು ಹೆಸರು ಓದುವಷ್ಟರಲ್ಲಿ ಅದನ್ನು ಕಿತ್ತು ಬೇರೆ ಅಂಟಿಸಿರುತ್ತಾರೆ. ಹಾಡು ಹಾಕಿದರೆ ಒಂದೇ ನಿಮಿಷ. "ಗುಂ ಅನ್ನೋ ದನಿ ಸಾಲದು" ಅಂತ ಆರಿಸಿ ಮತ್ತೆ ಸ್ಕ್ರೂಡ್ರೈವರ್. ಉಪ್ಪು ಸಾಲದು ಅಂತ ಊಟ ಬಿಟ್ಟು ಎದ್ದು ಒಲೆ ಬಿಚ್ಚುವವರನ್ನು ಎಲ್ಲಾದರೂ ಕಂಡಿದ್ದೀರಾ?

ಆ ಗುಂ ಬರಬೇಕಾದರೆ ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂಡಿಸಬೇಕು ಅಂತ ರೇಡಿಯೋ ರಿಪೇರಿ ಖಾಜಾಸಾಬರು ಇವರ ತಲೆಗೆ ತುಂಬಿದರು. ಅದಕ್ಕೆ ಕಾರಣವೂ ಇತ್ತು. ಸರಸ್ವತಿ ನಗರದ ರುದ್ರಪ್ಪ, ಬಟ್ಟೆ ಅಂಗಡಿಯವನು, ಇವರ ಹಾಡಿನ ಗೆಳೆಯ, ಹೊಸದಾಗಿ ಸಿಡಿ ಸೆಟ್ಟು ತಂದು, "ನಿಮ್ದು ಟೇಪಲ್ಲ ಬಿಡ್ರಿ, ಹಪ್ಪಳದ ಡಬ್ಬಿ" ಅಂದಿದ್ದ. ತಿಂಗಳ ಕೊನೇ ಭಾನುವಾರ ಎರಡನ್ನೂ ಹಚ್ಚಿ ನೋಡುವುದು ಅಂತ ಪಂದ್ಯ ಬಿತ್ತು.

ಯಜಮಾನರು, ಖಾಜಾಸಾಬರು, ಇಬ್ಬರು ಮುದುಕರೂ ಸೇರಿ ಗಡಿಗೆ ತರುವುದು, ವೈರು ಹಾಯಲಿ ಅಂತ ತಳಕ್ಕೆ ಮೊಳೆ ಹೊಡೆದು ತೂತು ಮಾಡುವುದು. ನಾಲ್ಕು ಗಡಿಗೆ ಆದವು. ನಾಲ್ಕರಲ್ಲೂ ಹಾಡಿನ ಜೊತೆ ಜೀರುಂಡೆ ಕೂಗಿದ ಹಾಗೆ ಜಿರ್ರ್. ವೈರು ಬದಲಿಸಿದರು, ಸ್ಪೀಕರ್ ಬದಲಿಸಿದರು. ಕೊನೆಗೆ ಕಣ್ಣು ನನ್ನ ನೀರಿನ ಹರವಿಯ ಮೇಲೆ ಬಿತ್ತು. ಬೇಸಿಗೆಯಲ್ಲಿ ಅದರ ನೀರು ಕುಡಿಯಲು ಅರ್ಧ ಓಣಿ ನಮ್ಮ ಮನೆಗೆ ಬರುತ್ತದೆ.

"ಲೇ, ಅದೊಂದು ಕೊಡೇ. ಚೆನ್ನಾಗಿ ಪಳಗೈತೆ."

"ಮುಟ್ಟಿ ನೋಡ್ರಿ. ನಿಮ್ಮ ಟೇಪು ಹಿತ್ತಲ ಬಾವಿಯೊಳಗೆ ಹಾಡ್ತೈತೆ" ಅಂದೆ. ಅವರ ಗಡಿಗೆಯೊಂದನ್ನು ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿದೆ. "ಖಾಜಣ್ಣ, ಇದು ಸೀಳೈತೆ. ಸುಟ್ಟ ಗಡಿಗೆಗೆ ಮೊಳೆ ಹೊಡೆದ್ರೆ ಸೀಳದೆ ನಗ್ತೈತಾ?"

"ಸೀಳು ಕಾಣಂಗೇ ಇಲ್ವಲ್ಲ ಅಕ್ಕಾರೆ!"

"ಕೇಳ್ತೈತೆ. ಕಿವಿ ಇದ್ದೋರಿಗೆ."

ಬೇಸಿಗೆಯಲ್ಲಿ ಲಿಂಗದ ಮೇಲೆ ಹನಿ ಬೀಳಲಿ ಅಂತ ತೂತಿನ ಗಡಿಗೆ ಕಟ್ಟುತ್ತೇವಲ್ಲ, ಅದಕ್ಕೆ ಯಾರೂ ಮೊಳೆ ಹೊಡೆಯುವುದಿಲ್ಲ. ಹಸಿ ಇದ್ದಾಗಲೇ ಕುಂಬಾರ ಕಡ್ಡಿ ತೂರಿಸಿ, ಆಮೇಲೆ ಸುಡುತ್ತಾನೆ. ದಿನಾ ವಿಭೂತಿ ಹಚ್ಚಿಕೊಂಡು ಗುಡಿಗೆ ಹೋಗುವ ಯಜಮಾನರಿಗೆ ಇದು ಹೊಳೆದಿರಲಿಲ್ಲ. ಅವರಿಂದ ಮಾತು ತಗೊಂಡೆ: ನಾನು ಮಾಡಿಸಿದ ಗಡಿಗೆ ಗೆದ್ದರೆ ಅಡುಗೆಮನೆಯ ಒಂದು ಲೋಟವನ್ನೂ ಮುಟ್ಟಬಾರದು, ಸೋತರೆ ಹರವಿ ಅವರದ್ದು.

ಹರಿಹರದ ಕುಂಬಾರನಿಗೆ ಹೇಳಿ ಮೂರು ಮಾಡಿಸಿದೆ. ಸುಟ್ಟ ಮೇಲೆ ಯಜಮಾನರನ್ನು ಕರೆದುಕೊಂಡು ಹೋಗಿ ತಟ್ಟಿದೆ. ಮೊದಲನೆಯದು ಡಬ್. ಎರಡನೆಯದು ಪರವಾಗಿಲ್ಲ. ಮೂರನೆಯದು ಠಣ್ ಅಂದು, ಆ ದನಿ ನಿಧಾನಕ್ಕೆ ಇಳಿಯಿತು.

"ಅಜ್ಜಿ, ತೂತಿನ ಗಡಿಗೇನ ಇಷ್ಟು ತಟ್ಟಿ ನೋಡ್ತೀಯಲ್ಲ! ಹೆಂಗೂ ನೀರು ನಿಲ್ಲಲ್ಲ."

"ನೀರಿಗಲ್ಲಪ್ಪ, ಹಾಡಿಗೆ."

ಕುಂಬಾರ ದುಡ್ಡು ಎಣಿಸಿಕೊಂಡ. ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಗಡಿಗೆ ನನ್ನ ತೊಡೆಯ ಮೇಲೆ ಕೂತಿತು, ಯಜಮಾನರು ದಾವಣಗೆರೆ ತನಕ ನಿಂತು ಬಂದರು.

ಭಾನುವಾರ ರುದ್ರಪ್ಪ ಆಟೋದಲ್ಲಿ ಸೆಟ್ಟು ತಂದ. ಅವನದ್ದು ಚೊಕ್ಕವಾಗಿ ಹಾಡಿತು, ಸುಳ್ಳು ಹೇಳಬಾರದು. ಆಮೇಲೆ ನಮ್ಮದು ಹಚ್ಚಿದರು. ಗುಂ ಅಂದದ್ದೇ ತಟ್ಟೆಯೊಳಗಿನ ಮಂಡಕ್ಕಿ ನಡುಗಿತು. ಬಾಯಿಗೆ ಹೊರಟಿದ್ದ ರುದ್ರಪ್ಪನ ಮಿರ್ಚಿ ಅಲ್ಲೇ ನಿಂತಿತು.

"ಯಾವ ಕಂಪನೀದ್ರಿ ಇದು? ಯಾರು ಸೆಟ್ ಮಾಡಿದ್ದು?"

ಯಜಮಾನರು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. "ಎಲ್ಲಾ ಅಕ್ಕಾರ ಕೈ" ಅಂದರು ಖಾಜಾಸಾಬರು.

"ಅಮ್ಮಾರೆ, ನನಗೂ ಒಂದು ಆರಿಸಿ ಕೊಡ್ರಿ."

"ಮೊದ್ಲು ಹಪ್ಪಳದ ಡಬ್ಬಿ ಅಂದ ಮಾತು ವಾಪಸ್ ತಗೊಳ್ರಿ."

ಮಿರ್ಚಿ ಕೆಳಗಿಟ್ಟು, ಕೈಮುಗಿದು ಮಾತು ವಾಪಸ್ ತಗೊಂಡ.

ಹರವಿ ಉಳಿಯಿತು. ಈಗ ಊರಿನ ಹಾಡಿನ ಹುಚ್ಚರೆಲ್ಲ ಗಡಿಗೆ ಹೊತ್ತು ನನ್ನ ಹತ್ತಿರ ಬರುತ್ತಾರೆ. ಆವತ್ತು ಯಾವ ಹಾಡು ಹಾಕಿದ್ದರು ಅಂತ ಮಾತ್ರ ಕೇಳಬೇಡಿ, ನಾನು ಗಡಿಗೆ ಕೇಳುತ್ತಿದ್ದೆ. ಮೊನ್ನೆ ಶಾಮನೂರಿನ ಬೀಗರ ಮನೆಗೆ ಬಿಸಿಲಲ್ಲಿ ನಡೆದು ಹೋಗಿ, ಗಂಟಲು ಒಣಗಿ ನೀರು ಕೇಳಿದೆ. ಬೀಗಿತ್ತಿ ಹರವಿಗೆ ಲೋಟ ಅದ್ದುವಷ್ಟರಲ್ಲಿ, "ತಡೀರಿ" ಅಂತ ಎದ್ದು ಹೋಗಿ ತಟ್ಟಿದೆ, ಸುತ್ತ ತಿರುಗಿ ಇನ್ನೊಮ್ಮೆ ತಟ್ಟಿದೆ, "ಕುತ್ತಿಗೆ ಹತ್ರ ಸೀಳೈತೆ ನೋಡ್ರಿ" ಅಂತ ಹೇಳಿ ಹೊರಟು ಬಂದೆ. ಬಾಯಾರಿಕೆ ನೆನಪಾದದ್ದು ಬಸ್ಸು ಹತ್ತಿದ ಮೇಲೆ.